‘ಪೆಪ್ಪರ್‌ಕಾರ್ನ್ ರೆಂಟ್’: ಜಾಗದ ಬಾಡಿಗೆ ಒಂದೇ ಒಂದು ಮೆಣಸಿನ ಕಾಳು ಎಂದರೆ ಏನರ್ಥ?

ಪ್ರಶ್ನೆ: ಮೈದಾನ ಸಮಿತಿ, ಪೊನ್ನಂಪೇಟೆ

ಮಾನ್ಯರೇ,

ನಮ್ಮ ಊರಿನ ಯುವಕ ಸಂಘಕ್ಕೆ ಹಾಕಿ ಆಡಲು ಸ್ವಂತ ಮೈದಾನವಿಲ್ಲ. ಊರಿನ ಹಿರಿಯ ಬೆಳೆಗಾರರೊಬ್ಬರು ತಮ್ಮ ತೋಟದ ಅಂಚಿನ ಸಮತಟ್ಟಾದ ಜಾಗವನ್ನು ಹತ್ತು ವರ್ಷಗಳ ಮಟ್ಟಿಗೆ ನಮಗೆ ಬಿಟ್ಟುಕೊಡಲು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಅವರಿಗೆ ಹಣ ಬೇಕಾಗಿಲ್ಲ. ಆದರೆ ಎಲ್ಲವೂ ಕಾಗದದಲ್ಲಿ ಇರಲಿ ಎಂಬುದು ಅವರ ಅಳಿಯನವರ ಅಭಿಪ್ರಾಯ. ಅಳಿಯನವರು ಬೆಂಗಳೂರಿನಲ್ಲಿ ಕಂಪನಿ ವ್ಯವಹಾರಗಳನ್ನು ನೋಡಿಕೊಳ್ಳುವ ವಕೀಲರು. ಅವರು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ ಕರಡಿನಲ್ಲಿ ಬಾಡಿಗೆಯ ಕಲಮು ಹೀಗಿದೆ: ವರ್ಷಕ್ಕೆ ಒಂದು ‘ಪೆಪ್ಪರ್‌ಕಾರ್ನ್’, ಅದೂ ಮಾಲೀಕರು ಕೇಳಿದರೆ ಮಾತ್ರ.

ಇದನ್ನು ಸಭೆಯಲ್ಲಿ ಓದಿದಾಗ ಎಲ್ಲರೂ ನಕ್ಕರು. ಮನೆಮನೆಯ ಅಂಗಳದಲ್ಲಿ ಮೆಣಸು ಒಣಗುವ ಊರಿನಲ್ಲಿ, ಕ್ವಿಂಟಲ್‌ಗಟ್ಟಲೆ ಮೆಣಸು ಬೆಳೆಯುವವರಿಗೆ ನಾವು ವರ್ಷಕ್ಕೊಂದು ಕಾಳು ಕೊಡುವುದೆಂದರೆ ತಮಾಷೆಯಂತೆ ಕಾಣುತ್ತದೆ. ಆದರೂ ಮೂರು ವಿಷಯಗಳು ತಿಳಿಯಬೇಕಾಗಿವೆ. ಈ ನುಡಿಗಟ್ಟಿಗೆ ಮೆಣಸು ಎಲ್ಲಿಂದ ಬಂತು? ‘ಕೇಳಿದರೆ ಮಾತ್ರ’ ಎಂಬ ಬಾಲ ಏಕೆ? ಇಂತಹ ಕಲಮು ನಮ್ಮ ದೇಶದ ಕಾನೂನಿನಲ್ಲಿ ನಿಲ್ಲುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕಾಫಿಕಣ, ಸುಂಟಿಕೊಪ್ಪ

ಇದರಲ್ಲಿ ಅಂತಹ ರಹಸ್ಯವೇನೂ ಇಲ್ಲ. ಹಿಂದೆ ಯುರೋಪಿನಲ್ಲಿ ಕರಿಮೆಣಸಿಗೆ ಚಿನ್ನದ ಬೆಲೆ ಇತ್ತು. ಆದ್ದರಿಂದ ಜಮೀನಿನ ಬಾಡಿಗೆಯನ್ನು ಮೆಣಸಿನಲ್ಲಿ ಕೊಡುತ್ತಿದ್ದರು. ಕಾಲ ಕಳೆದಂತೆ ಮೆಣಸು ಅಗ್ಗವಾಯಿತು, ಬಾಡಿಗೆಯೂ ಹೆಸರಿಗಷ್ಟೇ ಉಳಿಯಿತು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು ಏತಕ್ಕೆಂದು ನೆನಪಿಸಿಕೊಂಡರೆ ಸಾಕು.

ಉತ್ತರ: ಹಳೆಯ ದಫ್ತರ, ಮಡಿಕೇರಿ

ಕಾಫಿಕಣ ಅವರ ವಿವರಣೆಯನ್ನು ಹಲವರು ಕೊಡುತ್ತಾರೆ, ಅದರ ಅರ್ಧ ಭಾಗ ಸರಿಯೂ ಹೌದು. ಉಳಿದರ್ಧದಲ್ಲಿ ಒಂದು ಪೌಂಡ್ ಮೆಣಸನ್ನೂ ಒಂದು ಕಾಳು ಮೆಣಸನ್ನೂ ಒಂದೇ ಎಂದು ಎಣಿಸಿದಂತಾಗಿದೆ. ಇವೆರಡನ್ನು ಬೇರೆಬೇರೆಯಾಗಿ ನೋಡಿದರೆ ಮಾತ್ರ ಈ ನುಡಿಗಟ್ಟು ಅರ್ಥವಾಗುತ್ತದೆ.

ಮೊದಲು ಬೆಲೆಯ ಮಾತು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ಕಾಲದ ಧಾರಣೆಯನ್ನು ಬರೆದಿಟ್ಟಿದ್ದಾನೆ: ಒಂದು ಪೌಂಡ್ ಹಿಪ್ಪಲಿಗೆ 15 ದಿನಾರಿ, ಬಿಳಿ ಮೆಣಸಿಗೆ 7, ಕರಿಮೆಣಸಿಗೆ 4. ಹಸಿವನ್ನೂ ನೀಗಿಸದ, ನೋಡಲೂ ಚೆಂದವಿಲ್ಲದ ಈ ವಸ್ತುವಿಗೆ, ಬರಿಯ ಖಾರಕ್ಕಾಗಿ, ಜನ ಭಾರತದವರೆಗೆ ಹೋಗುತ್ತಾರಲ್ಲ ಎಂದು ಆತ ಗೊಣಗಿಕೊಂಡದ್ದೂ ಉಂಟು. 408ರಲ್ಲಿ ಗಾಥರ ದೊರೆ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ಅದನ್ನು ತೆರವುಗೊಳಿಸಲು ಪಡೆದ ಒತ್ತೆಯಲ್ಲಿ 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, ರೇಷ್ಮೆಯ ಉಡುಪುಗಳು ಇವುಗಳ ಜೊತೆಗೆ 3,000 ಪೌಂಡ್ ಮೆಣಸೂ ಇತ್ತು. ಲಂಡನ್ನಿನಲ್ಲಿ ಮೆಣಸಿನ ವರ್ತಕರದೇ ಒಂದು ಸಂಘವಿದ್ದುದು 1180ರ ದಾಖಲೆಯಲ್ಲಿ ಕಾಣಿಸುತ್ತದೆ. ಅಂತಹ ಕಾಲದಲ್ಲಿ ‘ವರ್ಷಕ್ಕೆ ಒಂದು ಪೌಂಡ್ ಮೆಣಸು’ ಎಂದು ಜಮೀನಿನ ಬಾಡಿಗೆಯನ್ನು ಗೊತ್ತುಮಾಡಿದ್ದರೆ ಅದು ತಮಾಷೆಯಲ್ಲ. ಗೇಣಿದಾರ ಪೇಟೆಯಲ್ಲಿ ಹಣ ತೆತ್ತು ಕೊಂಡು ತರಬೇಕಾದ ನಿಜವಾದ ಹೊರೆ.

ಆದರೆ ಒಂದು ಕಾಳು ಎಂಬುದು ಯಾವ ಕಾಲದಲ್ಲೂ ಹೊರೆಯಾಗಿರಲಿಲ್ಲ. ಮೆಣಸು ಎಷ್ಟೇ ದುಬಾರಿಯಾಗಿದ್ದರೂ ಒಂದು ಕಾಳಿಗೆ ಯಾರೂ ಹೊಲ ಮನೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ‘ಬೆಲೆಬಾಳುತ್ತಿದ್ದ ಬಾಡಿಗೆ ಮುಂದೆ ಅಗ್ಗವಾಯಿತು’ ಎಂಬ ಕಥೆ ಒಂದು ಕಾಳಿಗೆ ಹೊಂದುವುದಿಲ್ಲ. ಅದು ಹುಟ್ಟಿದ್ದೇ ನಾಮಕಾವಸ್ಥೆಯ ಬಾಡಿಗೆಯಾಗಿ. ಇಂಗ್ಲೆಂಡಿನಲ್ಲಿ ಇಂತಹವು ಇನ್ನೂ ಅನೇಕ ಇದ್ದವು. 1381ರಲ್ಲಿ ಸರ್ ರಾಬರ್ಟ್ ನೋಲಿಸ್ ಎಂಬ ಸೇನಾನಿಯ ಮನೆಯವರು ಲಂಡನ್ನಿನ ಓಣಿಯೊಂದರ ಮೇಲೆ ಅಪ್ಪಣೆಯಿಲ್ಲದೆ ಮೇಲುಸೇತುವೆ ಕಟ್ಟಿಸಿದಾಗ, ಅವರ ತೋಟದಿಂದ ವರ್ಷಕ್ಕೊಂದು ಕೆಂಪು ಗುಲಾಬಿಯನ್ನು ಕೊಡಬೇಕೆಂದು ನಗರ ನಿಗದಿಮಾಡಿತು. ಆ ಗುಲಾಬಿ ಇಂದಿಗೂ ಪ್ರತಿ ಜೂನ್ ತಿಂಗಳಲ್ಲಿ ಅಲ್ಲಿನ ಮೇಯರ್ ಅವರಿಗೆ ಸಲ್ಲುತ್ತದೆ. ಲಂಡನ್ ನಗರವು ತಾನೇ ರಾಜಮನೆತನಕ್ಕೆ ಹಳೆಯ ಕುಲುಮೆಯೊಂದರ ಲೆಕ್ಕದಲ್ಲಿ ಆರು ಕುದುರೆ ಲಾಳಗಳನ್ನೂ 61 ಮೊಳೆಗಳನ್ನೂ ಒಪ್ಪಿಸುತ್ತದೆ. ಕುಲುಮೆಯೂ ಇಲ್ಲ, ಕುದುರೆಯೂ ಇಲ್ಲ, ಲಾಳ ಮಾತ್ರ ಉಳಿದಿದೆ.

ಇಷ್ಟೆಲ್ಲ ಇದ್ದರೂ ಗುಲಾಬಿಯ ಬದಲು ಮೆಣಸಿನ ಕಾಳೇ ನುಡಿಗಟ್ಟಾಗಿ ಉಳಿದದ್ದೇಕೆ? ಪತ್ರ ಬರೆಯುವವರ ರೂಢಿಯೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 17ನೆಯ ಶತಮಾನದಿಂದ 19ನೆಯ ಶತಮಾನದ ನಡುವಿನವರೆಗೂ ಜಮೀನು ಮಾರಲು ವಕೀಲರು ಒಂದು ಸುತ್ತುದಾರಿಯನ್ನು ಬಳಸುತ್ತಿದ್ದರು. ಮೊದಲ ದಿನ ಕೊಳ್ಳುವವನಿಗೆ ಒಂದು ವರ್ಷದ ಗುತ್ತಿಗೆ ಬರೆದುಕೊಡುವುದು. ಮರುದಿನ, ಗುತ್ತಿಗೆದಾರನಾಗಿ ಸ್ವಾಧೀನದಲ್ಲಿರುವ ಆ ಮನುಷ್ಯನಿಗೇ ಉಳಿದ ಹಕ್ಕನ್ನೆಲ್ಲ ಬಿಟ್ಟುಕೊಡುವುದು. ಹೀಗೆ ಮಾಡಿದರೆ ಮಾರಾಟವನ್ನು ಸರ್ಕಾರಿ ದಾಖಲೆಯಲ್ಲಿ ಬಹಿರಂಗವಾಗಿ ನಮೂದಿಸುವ ಅಗತ್ಯ ಬೀಳುತ್ತಿರಲಿಲ್ಲ. ಒಂದೇ ದಿನ ಬಾಳುವ ಆ ಗುತ್ತಿಗೆಗೆ ನಿಜವಾದ ಬಾಡಿಗೆ ಯಾರಿಗೆ ಬೇಕು? ಆದ್ದರಿಂದ ವರ್ಷದ ಕೊನೆಗೆ ಒಂದು ಮೆಣಸಿನ ಕಾಳು, ಕೇಳಿದರೆ ಮಾತ್ರ, ಎಂದು ಬರೆಯುವುದು ವಾಡಿಕೆಯಾಯಿತು. ಪ್ರಶ್ನೆ ಕೇಳಿದವರ ಕರಡಿನಲ್ಲಿರುವ ಬಾಲ ಈ ಹಳೆಯ ಪತ್ರಗಳ ವಂಶದ್ದು. ಪೀಳಿಗೆಗಳ ಕಾಲ ಗುಮಾಸ್ತರು ಇದೇ ವಾಕ್ಯವನ್ನು ನಕಲು ಮಾಡುತ್ತಾ ಹೋದದ್ದರಿಂದ ಅದು ಕಚೇರಿಯಿಂದ ಆಡುಮಾತಿಗೆ ಇಳಿಯಿತು. ಇಂದು ಇಂಗ್ಲಿಷಿನವರು ವರ್ಷಕ್ಕೆ ಒಂದು ಪೌಂಡ್ ನಾಣ್ಯಕ್ಕೆ ಕೊಟ್ಟ ಕಟ್ಟಡಕ್ಕೂ ‘ಪೆಪ್ಪರ್‌ಕಾರ್ನ್ ರೆಂಟ್’ ಎಂದೇ ಹೇಳುತ್ತಾರೆ. ಅಲ್ಲಿ ಮೆಣಸು ಕಣ್ಣಿಗೂ ಬಿದ್ದಿರುವುದಿಲ್ಲ.

ನಿಜವಾಗಿಯೂ ಕಾಳು ಕೊಡುವವರೂ ಇದ್ದಾರೆ. ಬರ್ಮುಡಾ ದ್ವೀಪದ ಸೇಂಟ್ ಜಾರ್ಜ್ ಪಟ್ಟಣದಲ್ಲಿ ರಾಜಧಾನಿ ಬೇರೆಡೆಗೆ ಹೋದ ಮೇಲೆ ಖಾಲಿಯಾದ ಹಳೆಯ ಶಾಸನಸಭೆಯ ಕಟ್ಟಡವನ್ನು 1816ರಿಂದ ಫ್ರೀಮೇಸನ್ ಸಂಘಕ್ಕೆ ವರ್ಷಕ್ಕೊಂದು ಮೆಣಸಿನ ಕಾಳಿನ ಬಾಡಿಗೆಗೆ ಕೊಡಲಾಗಿದೆ. ಬಾಡಿಗೆ ಸಲ್ಲಿಸುವ ದಿನ ಮೆರವಣಿಗೆ, ವಾದ್ಯ, ಗವರ್ನರ್ ಅವರ ಸವಾರಿ ಎಲ್ಲವೂ ಉಂಟು. ಕಾಳು ಮಾತ್ರ ಬೆಳ್ಳಿಯ ತಟ್ಟೆಯಲ್ಲಿ ಒಂದೇ. ಮೈದಾನ ಸಮಿತಿಗೆ ಇನ್ನೂ ಹತ್ತಿರದ ಉದಾಹರಣೆ ಇಂಗ್ಲೆಂಡಿನ ಕೆಂಟ್ ಪ್ರಾಂತದ ಸೆವೆನೋಕ್ಸ್ ಊರಿನದು. ಅಲ್ಲಿನ ‘ವೈನ್’ ಕ್ರಿಕೆಟ್ ಮೈದಾನವನ್ನು 1773ರಲ್ಲಿ ಡಾರ್ಸೆಟ್ಟಿನ ಡ್ಯೂಕ್ ಊರಿಗೆ ಕೊಟ್ಟನು. ಕ್ರಿಕೆಟ್ ಕ್ಲಬ್ಬು ಪಟ್ಟಣ ಸಭೆಗೆ ವರ್ಷಕ್ಕೆ ಎರಡು ಮೆಣಸಿನ ಕಾಳು ಕೊಡಬೇಕು, ಮೈದಾನಕ್ಕೊಂದು, ಪೆವಿಲಿಯನ್‌ಗೊಂದು. ಪಟ್ಟಣ ಸಭೆಯು ತನ್ನ ಪಾಲಿಗೆ ಆ ಮನೆತನದ ಸ್ಯಾಕ್‌ವಿಲ್ ಪ್ರಭುವಿಗೆ ಜುಲೈ 21ರಂದು ಒಂದು ಕ್ರಿಕೆಟ್ ಚೆಂಡು ಕೊಡಬೇಕು, ಅದೂ ಅವರು ಕೇಳಿದರೆ.

ಉತ್ತರ: ಕೈಮಡ, ನಾಪೋಕ್ಲು

ಇಷ್ಟು ದೂರ ಹೋಗಬೇಕೇ? ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ನಮ್ಮ ಜಮ್ಮ ಹಿಡುವಳಿಯೂ ಇದೇ ಅಲ್ಲವೇ? ಸಾಗು ಜಮೀನಿನ ಅರ್ಧ ಕಂದಾಯ, ಗದ್ದೆಗೆ ಸೇರಿದ ಬಾಣೆಗೆ ಕಂದಾಯವೇ ಇಲ್ಲ. ಇದನ್ನೂ ಮೆಣಸಿನ ಕಾಳಿನ ಬಾಡಿಗೆ ಎನ್ನಬಹುದು.

ಉತ್ತರ: ಹಳೆಯ ದಫ್ತರ, ಮಡಿಕೇರಿ

ಎನ್ನಲಾಗದು. ಜಮ್ಮದ ಅರ್ಧ ಕಂದಾಯವು ರಿಯಾಯಿತಿಯೇ ಹೊರತು ನಾಮಕಾವಸ್ಥೆಯದಲ್ಲ. ರಾಜರ ಕಾಲದಲ್ಲಿ ಆ ರಿಯಾಯಿತಿಗೆ ಪ್ರತಿಯಾಗಿ ಜಮ್ಮದ ಒಕ್ಕಲು ಕರೆ ಬಂದಾಗ ಕೋವಿ ಹಿಡಿದು ಹೊರಡಬೇಕಿತ್ತು, ಕಾವಲು ಮತ್ತಿತರ ಊಳಿಗಗಳನ್ನೂ ಮಾಡಬೇಕಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೂ ಅರ್ಧ ಕಂದಾಯದ ಪದ್ಧತಿ ಮುಂದುವರಿಯಿತು. ಪ್ರಾಣವನ್ನೇ ಪಣಕ್ಕಿಡುವ ಸೇವೆಯನ್ನು ಒಂದು ಕಾಳಿಗೆ ಹೋಲಿಸಿದರೆ ಹಿರಿಯರು ಒಪ್ಪಲಾರರು. ಬಾಣೆಯಂತೂ ಗದ್ದೆಯ ಬೇಸಾಯಕ್ಕೆ ಬೇಕಾದ ಸೊಪ್ಪು, ಸೌದೆ, ಮೇವಿಗಾಗಿ ಗದ್ದೆಗೇ ಅಂಟಿಕೊಂಡಿದ್ದ ಜಾಗ. ಅದಕ್ಕೆ ಕಂದಾಯವಿಲ್ಲದ್ದು ಗದ್ದೆಯ ಕಂದಾಯ ಇದ್ದುದರಿಂದ.

ಉತ್ತರ: ಕರಿಕೋಟು, ವಿರಾಜಪೇಟೆ

ಮೂರನೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಇಂಗ್ಲಿಷ್ ಕಾನೂನಿನಲ್ಲಿ ಬರಿಯ ಮಾತು, ಅದು ಮುದ್ರೆಯೊತ್ತಿದ ಪತ್ರದಲ್ಲಿ ಇಲ್ಲದಿದ್ದರೆ, ಕರಾರಾಗುವುದಿಲ್ಲ. ಎರಡೂ ಕಡೆಯಿಂದ ಏನಾದರೂ ಸಲ್ಲಬೇಕು. ಹೀಗೆ ಸಲ್ಲುವುದನ್ನು ನಾವು ಪ್ರತಿಫಲ ಎನ್ನುತ್ತೇವೆ. ಆದರೆ ಅದು ಸಾಕಷ್ಟಿದೆಯೇ ಎಂದು ನ್ಯಾಯಾಲಯ ತೂಗಿನೋಡುವುದಿಲ್ಲ. ಏನೋ ಒಂದು ಇದೆಯೇ ಎಂದಷ್ಟೇ ನೋಡುತ್ತದೆ. ಮೆಣಸಿನ ಕಾಳು ಇಲ್ಲಿಗೇ ಹೇಳಿಮಾಡಿಸಿದ ವಸ್ತು: ಅದು ಶೂನ್ಯವಲ್ಲ, ಆದರೆ ಶೂನ್ಯಕ್ಕಿಂತ ಹೆಚ್ಚೇನೂ ಅಲ್ಲ. ಇದರ ಬಗ್ಗೆ ವಕೀಲರೆಲ್ಲರೂ ಓದುವ ಒಂದು ತೀರ್ಪು ಚಾಪೆಲ್ ಕಂಪನಿಗೂ ನೆಸ್ಲೆ ಕಂಪನಿಗೂ ನಡೆದ ವ್ಯಾಜ್ಯದ್ದು. 1960ರ ಕಾನೂನು ವರದಿಗಳಲ್ಲಿ ಪ್ರಕಟವಾಗಿದೆ. ನೆಸ್ಲೆಯವರು ಒಂದೂವರೆ ಷಿಲಿಂಗ್ ಹಣದ ಜೊತೆಗೆ ಚಾಕೊಲೇಟಿನ ಮೂರು ಹೊದಿಕೆ ಕಾಗದಗಳನ್ನು ಕಳುಹಿಸಿದವರಿಗೆ ಗ್ರಾಮಫೋನ್ ತಟ್ಟೆಯೊಂದನ್ನು ಕೊಡುತ್ತಿದ್ದರು. ಬಂದ ಕಾಗದಗಳನ್ನು ಕಸಕ್ಕೆ ಎಸೆಯುತ್ತಿದ್ದರು. ಹಾಡಿನ ಹಕ್ಕುಳ್ಳ ಚಾಪೆಲ್‌ನವರಿಗೆ ಗೌರವಧನವನ್ನು ಮಾರಾಟದ ಬೆಲೆಯ ಮೇಲೆ ಲೆಕ್ಕ ಹಾಕಬೇಕಾದ್ದರಿಂದ, ಆ ಕಾಗದಗಳೂ ಬೆಲೆಯ ಭಾಗವೇ ಎಂಬ ಪ್ರಶ್ನೆ ಎದ್ದಿತು. ಹೌದೆಂದು, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ತೀರ್ಮಾನಿಸಿತು. ಪಡೆಯುವವನಿಗೆ ಮೆಣಸು ಇಷ್ಟವಿಲ್ಲ, ಕಾಳನ್ನು ಬಿಸಾಡುತ್ತಾನೆ ಎಂದು ರುಜುವಾತಾದ ಮಾತ್ರಕ್ಕೆ ಮೆಣಸಿನ ಕಾಳು ಒಳ್ಳೆಯ ಪ್ರತಿಫಲವಾಗದೆ ಹೋಗುವುದಿಲ್ಲ ಎಂಬರ್ಥದಲ್ಲಿ ಲಾರ್ಡ್ ಸೋಮರ್ವೆಲ್ ಅಂದು ಬರೆದರು. ಕ್ವಿಂಟಲ್‌ಗಟ್ಟಲೆ ಮೆಣಸಿರುವವರಿಗೆ ಒಂದು ಕಾಳೇ ಎಂದು ಸಭೆಯಲ್ಲಿ ನಕ್ಕವರಿಗೆ ಇದೇ ಉತ್ತರ.

ನಮ್ಮಲ್ಲಿ 1872ರ ಭಾರತೀಯ ಕರಾರು ಕಾಯ್ದೆಯ 25ನೆಯ ಕಲಮಿನ ವಿವರಣೆಯೂ ಇದೇ ಹಾದಿಯದು. ಸಾವಿರ ರೂಪಾಯಿಯ ಕುದುರೆಯನ್ನು ಹತ್ತು ರೂಪಾಯಿಗೆ ಮಾರಲು ಒಬ್ಬನು ಮನಃಪೂರ್ವಕವಾಗಿ ಒಪ್ಪಿದರೆ ಕರಾರು ಸಿಂಧು ಎಂದು ಕಾಯ್ದೆಯೇ ಉದಾಹರಣೆ ಕೊಡುತ್ತದೆ. ಆದರೆ ಒಪ್ಪಿಗೆ ಮನಃಪೂರ್ವಕವಾಗಿತ್ತೇ ಎಂಬ ತಕರಾರು ಬಂದರೆ, ಪ್ರತಿಫಲ ಇಷ್ಟು ಕಡಿಮೆ ಇದ್ದುದನ್ನು ನ್ಯಾಯಾಲಯ ಗಮನಿಸಬಹುದು. ಹಿರಿಯರು ಕೊಡುತ್ತಿರುವ ಜಾಗವಾದ್ದರಿಂದ ಮುಂದೆ ಮಕ್ಕಳು ಅಥವಾ ದಾಯಾದಿಗಳು ಇದೇ ತಕರಾರು ಎತ್ತುವ ಸಂಭವ ಇದೆ. ಪತ್ರಕ್ಕೆ ಅವರ ಮನೆಯವರಿಂದಲೂ ಸಾಕ್ಷಿ ಹಾಕಿಸುವುದು ಕ್ಷೇಮ.

ಇನ್ನು ಗುತ್ತಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೆಯ ಕಲಮು ಗುತ್ತಿಗೆಗೆ ಹಣವೇ ಆಗಬೇಕೆಂದು ಹೇಳುವುದಿಲ್ಲ. ಬೆಳೆಯ ಪಾಲು, ಸೇವೆ, ಅಥವಾ ಬೆಲೆಯುಳ್ಳ ಬೇರಾವುದೇ ವಸ್ತು ಆಗಬಹುದು. ಮೆಣಸಿನ ಕಾಳಿಗೆ ಬಾಗಿಲು ಮುಚ್ಚಿಲ್ಲ. ಆದರೆ ‘ಕೇಳಿದರೆ ಮಾತ್ರ’ ಎಂಬುದನ್ನು ನಾನು ನಮ್ಮ ಪತ್ರಗಳಲ್ಲಿ ಒಂಟಿಯಾಗಿ ನಿಲ್ಲಿಸುವುದಿಲ್ಲ. ಮಾಲೀಕರು ಕೇಳಲಿಲ್ಲ, ನೀವು ಕೊಡಲಿಲ್ಲ, ಹತ್ತು ವರ್ಷ ಕಳೆಯಿತು ಎಂದಾದರೆ ಬಾಡಿಗೆ ಸಂದ ಒಂದು ರಸೀದಿಯೂ ಯಾರ ಕೈಯಲ್ಲೂ ಇರುವುದಿಲ್ಲ. ಇಂಗ್ಲಿಷ್ ಪತ್ರದಲ್ಲಿ ಆ ಮಾತು ಗೇಣಿದಾರನನ್ನು ಕಾಯುತ್ತದೆ, ಕೇಳದಿದ್ದಾಗ ಕೊಡದಿದ್ದರೆ ಅವನು ತಪ್ಪಿತಸ್ಥನಾಗುವುದಿಲ್ಲ. ನಮ್ಮ ಊರಿನ ವ್ಯಾಜ್ಯಗಳಲ್ಲಿ ರಸೀದಿಯೇ ಇಬ್ಬರನ್ನೂ ಕಾಯುವುದು. ಅದರಲ್ಲೂ ಮಾಲೀಕರಿಗೆ ಅದು ಮುಖ್ಯ: ಬೇರೆಯವರು ಜಾಗವನ್ನು ತಮ್ಮದೆಂದೇ 12 ವರ್ಷ ಬಹಿರಂಗವಾಗಿ ಅನುಭವಿಸಿದರೆ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಮಾಲೀಕರ ದಾವೆಯ ಹಕ್ಕೇ ಹೋಗಬಹುದು. ವರ್ಷವರ್ಷವೂ ಬಾಡಿಗೆ ಸಂದಿದ್ದರೆ, ಅದು ಎಷ್ಟೇ ಸಣ್ಣದಿರಲಿ, ಸಂಘವು ಮಾಲೀಕರ ಹಕ್ಕನ್ನು ಒಪ್ಪಿಯೇ ಆಡುತ್ತಿತ್ತು ಎಂಬುದಕ್ಕೆ ಅದೇ ಪುರಾವೆ.

ಬಾಡಿಗೆಯೇ ಬೇಡ, ಬಾಯಿಮಾತಿನ ಅನುಮತಿ ಸಾಕು ಎಂದು ಸಮಿತಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂತಹ ಅನುಮತಿಯನ್ನು ಮಾಲೀಕರು ಸಾಮಾನ್ಯವಾಗಿ ಯಾವಾಗ ಬೇಕಾದರೂ ಹಿಂಪಡೆಯಬಹುದು. ಅನುಮತಿಯನ್ನು ನಂಬಿ ಖರ್ಚುಮಾಡಿ ಶಾಶ್ವತ ಕಾಮಗಾರಿ ಮಾಡಿದ್ದರೆ ಮಾತ್ರ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ 60ನೆಯ ಕಲಮು ಅಡ್ಡ ಬರುತ್ತದೆ. ಮಣ್ಣು ಸಮಮಾಡಿ ಗೋಲು ಕಂಬ ನೆಟ್ಟದ್ದು ಶಾಶ್ವತ ಕಾಮಗಾರಿಯೇ ಎಂದು ವಾದಿಸುತ್ತಾ ಮಡಿಕೇರಿಯ ನ್ಯಾಯಾಲಯಕ್ಕೆ ಅಲೆಯುವುದು ಯಾರಿಗೂ ಬೇಡ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯಾದ್ದರಿಂದ ಪತ್ರ ನೋಂದಣಿಯಾಗಲೇಬೇಕು. ಅದಕ್ಕೂ ಮೊದಲು ಪಹಣಿ ತೆಗೆಸಿ ಆ ಜಾಗ ಯಾವ ವರ್ಗದ್ದೆಂದು ನೋಡಿರಿ. 1961ರ ಭೂಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಬೆಂಗಳೂರಿನ ಕರಡಿನಲ್ಲಿ ಇದರ ಸೊಲ್ಲೇ ಇಲ್ಲದಿದ್ದರೆ ನನಗೆ ಆಶ್ಚರ್ಯವಾಗದು.

ಉತ್ತರ: ಮೆಣಸಿನ ಬಳ್ಳಿ, ಸಿದ್ದಾಪುರ

ಕಾನೂನು ನನಗೆ ತಿಳಿಯದು, ಕಾಳು ತಿಳಿದಿದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಏಣಿ ಹಾಕಿ ಗೊಂಚಲು ಕೊಯ್ದು, ಕಾಳು ಬಿಡಿಸಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಕಣದಲ್ಲಿ ಹರಡಿದರೆ ಹಸಿರು ಕಾಳು ನಾಲ್ಕೈದು ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟುತ್ತದೆ. ನೂರು ಕಿಲೋ ಹಸಿ ಮೆಣಸು ಒಣಗಿದಾಗ ಮೂವತ್ತೈದು ಕಿಲೋ ಆಸುಪಾಸು ಉಳಿಯುತ್ತದೆ. ಕಿಲೋಗೆ ಆರೇಳು ನೂರು ರೂಪಾಯಿ ಧಾರಣೆ ಸಿಕ್ಕಿದರೂ ಒಂದು ಕಾಳಿನ ಬೆಲೆ ಕೆಲವು ಪೈಸೆಯನ್ನು ದಾಟದು. ಹಳೆಯ ದಫ್ತರದವರ ಮಾತು ಸರಿಯೆಂದು ಕಣ ಗುಡಿಸುವ ಹೆಂಗಸರೂ ಹೇಳಿಯಾರು: ಮೂಟೆ ಮೆಣಸು ಬ್ಯಾಂಕಿನ ಸಾಲ ತೀರಿಸುತ್ತದೆ, ಸಂದಿಗೆ ಸಿಕ್ಕಿದ ಒಂಟಿ ಕಾಳನ್ನು ಯಾರೂ ಬಗ್ಗಿ ಹೆಕ್ಕುವುದಿಲ್ಲ.

ಇನ್ನೊಂದು ಸಂಗತಿ. ಕನ್ನಡದಲ್ಲಿ ನಾವು ಅಲ್ಪವಾದುದನ್ನು ಸಾಸಿವೆಯಷ್ಟು ಎನ್ನುತ್ತೇವೆ, ಕಳೆದ ಮಾನವನ್ನು ಅಡಿಕೆಯಿಂದ ಅಳೆಯುತ್ತೇವೆ. ಮೆಣಸನ್ನು ಬೆಳೆದವರು ಅದನ್ನು ಕ್ಷುಲ್ಲಕವೆಂದು ಹೇಳುವ ಗಾದೆ ಕಟ್ಟಲಿಲ್ಲ. ಕೊಂಡು ತಿಂದವರು ಕಟ್ಟಿದರು.

ಉತ್ತರ: ಕಾಫಿಕಣ, ಸುಂಟಿಕೊಪ್ಪ

ಪೌಂಡಿಗೂ ಕಾಳಿಗೂ ಇರುವ ಅಂತರವನ್ನು ಒಪ್ಪಿದ್ದೇನೆ. ಒಂದು ಸೇರ್ಪಡೆ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಂಡವರಿಂದ ನೆಲದ ಮಾಲೀಕರು ವರ್ಷವರ್ಷ ನೆಲಬಾಡಿಗೆ ಸುಲಿಯುವುದನ್ನು ತಡೆಯಲು 2022ರಲ್ಲಿ ಒಂದು ಕಾಯ್ದೆ ಬಂದಿದೆ. ಆ ವರ್ಷದ ಜೂನ್ 30ರಿಂದ ಆಗುವ ಹೊಸ ದೀರ್ಘಾವಧಿ ಗುತ್ತಿಗೆಗಳಲ್ಲಿ ನೆಲಬಾಡಿಗೆ ವರ್ಷಕ್ಕೆ ಒಂದು ಮೆಣಸಿನ ಕಾಳನ್ನು ಮೀರುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದ್ದಾರೆ. ಮೀರಿದವರಿಗೆ 500ರಿಂದ 30,000 ಪೌಂಡ್‌ವರೆಗೆ ದಂಡ. ಸೊನ್ನೆ ಎಂದು ಬರೆಯಲು ಅವರ ಸಂಸತ್ತಿಗೂ ಮನಸ್ಸು ಬರಲಿಲ್ಲವೆಂದು ತೋರುತ್ತದೆ.

ಪ್ರಶ್ನೆ ಕೇಳಿದವರಿಂದ: ಮೈದಾನ ಸಮಿತಿ, ಪೊನ್ನಂಪೇಟೆ

ಎಲ್ಲರಿಗೂ ವಂದನೆಗಳು. ಉತ್ತರಗಳನ್ನು ಮುದ್ರಿಸಿ ಸಭೆಯಲ್ಲಿ ಓದಿದೆವು, ಜಾಗದ ಮಾಲೀಕರನ್ನೂ ಕರೆದಿದ್ದೆವು. ಪಹಣಿಗೆ ಅರ್ಜಿ ಹಾಕಿದ್ದೇವೆ. ಜಾಗದ ವರ್ಗ ತಿಳಿದ ಮೇಲೆಯೇ ಮುಂದಿನ ಹೆಜ್ಜೆ. ಬಾಡಿಗೆಯನ್ನು ವರ್ಷಕ್ಕೆ ನೂರು ರೂಪಾಯಿ ಎಂದೂ, ಪ್ರತಿ ವರ್ಷ ಮಾರ್ಚ್ ಕೊನೆಗೆ ಕೊಟ್ಟು ರಸೀದಿ ಪಡೆಯಬೇಕೆಂದೂ ತಿದ್ದಲು ಎರಡೂ ಕಡೆಯವರು ಒಪ್ಪಿದ್ದಾರೆ. ಸಾಕ್ಷಿಗೆ ಅವರ ಇಬ್ಬರು ಮಕ್ಕಳೂ ಸಹಿ ಹಾಕುತ್ತಾರೆ.

ಮೆಣಸಿನ ಕಾಳನ್ನು ಕರಡಿನಿಂದ ತೆಗೆದುಹಾಕೋಣವೆಂದು ನಾವು ಹೇಳಿದಾಗ ಮಾಲೀಕರೇ ಬೇಡವೆಂದರು. ನೂರು ರೂಪಾಯಿಯನ್ನು ನೀವು ಹೇಗೂ ನನ್ನಿಂದಲೇ ದೇಣಿಗೆಯಾಗಿ ವಾಪಸು ಪಡೆಯುತ್ತೀರಿ, ಕಾಳಾದರೂ ನನಗಿರಲಿ ಎಂದರು. ಆದ್ದರಿಂದ ಅದನ್ನು ಹಣದ ಜೊತೆಗೆ, ‘ಕೇಳಿದರೆ ಮಾತ್ರ’ ಎಂಬ ಬಾಲದೊಂದಿಗೆ ಹಾಗೆಯೇ ಉಳಿಸುತ್ತಿದ್ದೇವೆ. ಕರಿಕೋಟು ಅವರು ಇದಕ್ಕೆ ತಕರಾರು ಇದ್ದರೆ ತಿಳಿಸಬೇಕು.

ಉತ್ತರ: ಕರಿಕೋಟು, ವಿರಾಜಪೇಟೆ

ತಕರಾರಿಲ್ಲ. ಕನ್ನಡದ ಪತ್ರದಲ್ಲಿ ಬರಿಯ ‘ಮೆಣಸು’ ಎಂದು ಬರೆಯದೆ ‘ಒಣಗಿದ ಕರಿಮೆಣಸಿನ ಕಾಳು ಒಂದು’ ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಹಸಿಮೆಣಸಿನಕಾಯಿಯೋ ಒಣಮೆಣಸಿನಕಾಯಿಯೋ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ.